ಒಂಟಿ ತೋಳಿನ ಗ್ಯಾಲಕ್ಸಿ

ಒಂದೇ ತೋಳಿನ ಸುರುಳಿ ಗ್ಯಾಲಕ್ಸಿ ಕಂಡುಹಿಡಿದ ಹುಡುಗಿಯೆಂದು ಸಂಸ್ಥೆಯಲ್ಲಿ ಅವಳಿಗೆ ಆಗಲೇ ಹೆಸರು ಬಂದಿತ್ತು. ಕ್ಯಾಂಟೀನಿನವರು ಕೂಡ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮಧ್ಯಾಹ್ನ ಸಮಿತಿಯ ಮುಂದೆ ಆ ಚಿತ್ರ ತೋರಿಸಿ, ದೂರದರ್ಶಕದಲ್ಲಿ ಇನ್ನೊಂದಿಷ್ಟು ಸಮಯ ಕೇಳಬೇಕಿತ್ತು. ಅದು ಸಿಗದಿದ್ದರೆ ಅವಳ ಪಿಎಚ್‌ಡಿ ನೆನೆಗುದಿಗೆ ಬಿದ್ದ ಹಾಗೆಯೇ.

ಬೆಳಿಗ್ಗೆ ಪಕ್ಕದ ಮೇಜಿನವನು ಬಂದು ಬಾಗಿಲು ಮುಂದೆ ಮಾಡಿದ. ಯಾರು ಏನು ಮಂಡಿಸಿದರೂ ತುಂಬಿದ ಸಭೆಯಲ್ಲಿ ತಕರಾರು ತೆಗೆಯುವವನಾದ್ದರಿಂದ ಅವನನ್ನು ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದರು. ಅವನು ಬಾಗಿಲು ಮುಚ್ಚಿ ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ.

"ಖಾಲಿ ಆಕಾಶ ಎಲ್ಲಿಂದ ತಗೊಂಡೆ?" ಎಂದ.

ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕಿನ ಕೆಲಸದಲ್ಲಿ ಇದೊಂದು ತಾಪತ್ರಯ. ನಮ್ಮ ಕಣ್ಣಿಗೆ ಕತ್ತಲಾದ ಆಕಾಶ ಆ ಬೆಳಕಿನಲ್ಲಿ ಗ್ಯಾಲಕ್ಸಿಗಿಂತ ಹೆಚ್ಚು ಹೊಳೆಯುತ್ತದೆ. ಹಾಗಾಗಿ ಗ್ಯಾಲಕ್ಸಿಯ ಒಂದು ಚಿತ್ರ ತೆಗೆದು, ಪಕ್ಕಕ್ಕೆ ಸರಿದು ಬರಿಯ ಆಕಾಶದ್ದೂ ಒಂದು ತೆಗೆದು, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು.

ಅವಳು ತೋರಿಸಿದಳು. ಕೊಕ್ಕೆ ಪರದೆಯ ಮೇಲೆ ಬೆರಳಿಟ್ಟ. ಎಡತೋಳು ಚಿತ್ರದ ಅಂಚು ದಾಟಿ ಹೋಗಿತ್ತು. ಅವಳ ಖಾಲಿ ಆಕಾಶ ಅಲ್ಲಿಂದಲೇ ಶುರುವಾಗಿತ್ತು. ಅದರ ಬಲ ಅಂಚಿನಲ್ಲಿ ಸಿಕ್ಕಿಕೊಂಡ ಎಡತೋಳಿನ ತುದಿ, ಒಂದರ ಮೇಲೊಂದಿಟ್ಟು ಕಳೆಯುವಾಗ ನೇರ ಬಲತೋಳಿನ ಮೇಲೆ ಬಿದ್ದಿತ್ತು. ಅವಳು ಬಲತೋಳಿನಿಂದ ಎಡತೋಳನ್ನು ಕಳೆದು, ಬಲತೋಳೇ ಇಲ್ಲವೆಂದು ಸಾರಿದ್ದಳು. ಧೂಳು ದಟ್ಟವಾದ ಗ್ಯಾಲಕ್ಸಿಯಾದ್ದರಿಂದ ಮಾಮೂಲು ಬೆಳಕಿನಲ್ಲಿ ಅದರ ತೋಳುಗಳನ್ನು ಯಾರೂ ಸರಿಯಾಗಿ ಕಂಡವರಿರಲಿಲ್ಲ.

ಇದನ್ನು ಸಭೆಯಲ್ಲೇ ಕೇಳಬಹುದಿತ್ತಲ್ಲ ಎಂದಳು. ಹಾಗೆ ಅಂದುಕೊಂಡೇ ಇದ್ದೆ, ಆದರೆ ಬೆಳಿಗ್ಗೆ ತಿಂಡಿ ಸೇರಲಿಲ್ಲ ಎಂದ ಅವನು. ಆರಿಹೋಗಿದ್ದ ಅವಳ ಚಹಾ ಎತ್ತಿಕೊಂಡು ಹೋಗಿ, ಬಿಸಿಯದೊಂದು ತಂದಿಟ್ಟ.

ಮಧ್ಯಾಹ್ನ ಅವಳು ಸಮಿತಿಗೆ, ಗ್ಯಾಲಕ್ಸಿಗೆ ಎರಡೂ ತೋಳು ಇರುವ ಸಂಭವವೇ ಹೆಚ್ಚೆಂದೂ ಒಂದನ್ನು ಅಳಿಸಿದ್ದು ತಾನೇ ಎಂದೂ ತಿಳಿಸಿದಳು. ಅಧ್ಯಕ್ಷೆ ಕನ್ನಡಕ ಒರೆಸಿಕೊಂಡರು.

"ಅಂದ್ರೆ, ಎಲ್ಲಾ ಗ್ಯಾಲಕ್ಸಿಗಳ ಹಾಗೇ ಇದೂ ಇದೆ ಅಂತ ನೋಡೋಕೆ ಸಮಯ ಬೇಕು. ಅಲ್ವೇನಮ್ಮ?"

"ಹೌದು ಮೇಡಂ."

ದೂರದರ್ಶಕದಲ್ಲಿ ಉಳಿದಿರುವ ರಾತ್ರಿಗಳು ಕಡಿಮೆ, ಹೊಸದೇನಾದರೂ ಇದ್ದವರಿಗೆ ಮೊದಲು ಎಂದು ಅಧ್ಯಕ್ಷೆ ಮೆತ್ತಗೆ ಹೇಳಿದರು. ಸಭೆಯವರು ರೂಢಿಯಂತೆ ಕೊಕ್ಕೆಯ ಕಡೆ ತಿರುಗಿದರು. ಅವನು ಎದ್ದು ನಿಂತ.

"ನನ್ನ ಪಾಲಿನ ರಾತ್ರಿಗಳಲ್ಲಿ ಒಂದನ್ನ ಇವಳಿಗೆ ಹಾಕಿಬಿಡಿ ಮೇಡಂ. ಜೊತೆಗೆ ನಾನೂ ಕೂತಿರ್ತೀನಿ. ಇಲ್ಲಾಂದ್ರೆ ಈ ಸಲ ಇನ್ನೊಂದು ತೋಳೂ ಉಳಿಯಲ್ಲ."

ಅಧ್ಯಕ್ಷೆ ಹಾಗೆಯೇ ಬರೆದುಕೊಂಡರು.