ಗಾಳಿ ಮೆಲ್ಲಗೆ ಬಿಡು

ಬುಧವಾರ ಮಧ್ಯಾಹ್ನ ನಾನು ಕಾಲೇಜಿಗೆ ಹೋಗುವುದು ನನ್ನ ಎರಡು ತೋಳುಗಳನ್ನು ಕೊಟ್ಟು ಬರುವುದಕ್ಕೆ. ಸ್ವೆಟರಿನ ತೋಳು ಮೇಲಕ್ಕೆ ಮಡಿಸಿ ಕುರ್ಚಿಯಲ್ಲಿ ಕೂರುತ್ತೇನೆ. ನರ್ಸಿಂಗ್ ಮೊದಲ ವರ್ಷದ ಮಕ್ಕಳು ಒಬ್ಬೊಬ್ಬರಾಗಿ ಬಂದು ನನ್ನ ಮೇಲೆ ಬಿ.ಪಿ. ನೋಡುವುದನ್ನು ಕಲಿಯುತ್ತಾರೆ. ಅಲ್ಲಿ ರಬ್ಬರಿನ ತೋಳೊಂದೂ ಇದೆ. ಆದರೆ ರಬ್ಬರಿಗೆ ಚಳಿಯಾಗುವುದಿಲ್ಲ, ನೋಯುವುದಿಲ್ಲ, ‘ಸಾಕು ತಾಯಿ’ ಎನ್ನುವುದೂ ಇಲ್ಲ. ಆದ್ದರಿಂದಲೇ ನಮ್ಮಂಥ ಮುದುಕರು ಅವರಿಗೆ ಬೇಕು.

ನನ್ನ ಪಕ್ಕದ ಕುರ್ಚಿ ಹ್ಯೂಯಿ ಮೆಕ್‌ಲೀನನದು. ಗ್ಲೇಸ್ ಬೇಯ ಗಣಿಗಳು ಮುಚ್ಚುವವರೆಗೂ ಅವನು ಸಮುದ್ರದ ಕೆಳಗೆ ಕಲ್ಲಿದ್ದಲು ಕಡಿದವನು. ಗಾಯದೊಳಗೆ ಸೇರಿಕೊಂಡ ಇದ್ದಲ ಪುಡಿ ಹಾಗೇ ಉಳಿದು, ಅವನ ತೋಳಿನ ತುಂಬ ನೀಲಿ ಚುಕ್ಕೆಗಳು. ಪ್ರತಿ ವರ್ಷ ಯಾರಾದರೊಬ್ಬ ಹುಡುಗಿ ಅದನ್ನು ಕಂಡು ಗಾಬರಿಯಾಗುತ್ತಾಳೆ.

“ಇದೇನ್ ತಾತ, ಎಲ್ಲಿ ಬಿದ್ರಿ?”

“ಬಿದ್ದಿಲ್ಲ ಕಣಮ್ಮಾ. ಇವನು ನನ್ನೋನು ಅಂತ ಗಣಿ ರುಜು ಹಾಕಿದೆ. ಎಫೀ ಟೀಚರಿಗೆ ಯಾರೂ ರುಜು ಹಾಕ್ಲಿಲ್ಲ, ಅದಕ್ಕೇ ಹಂಗೇ ಉಳಿದುಬಿಟ್ರು.”

ನಾನು ಮದುವೆಯಾಗಲಿಲ್ಲ ಎಂಬುದು ಹ್ಯೂಯಿಗೆ ಇನ್ನೂ ಮುಗಿಯದ ತಮಾಷೆ.

ಕೆಲಸ ನೋಡುವುದಕ್ಕೆ ಸುಲಭ. ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಬುರುಡೆ ಒತ್ತಿ ಗಾಳಿ ತುಂಬಿದರೆ ಒಳಗೆ ರಕ್ತ ಹರಿಯುವುದು ನಿಲ್ಲುತ್ತದೆ. ಆಮೇಲೆ ಮೊಣಕೈ ಮಡಿಕೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಬರಬೇಕು. ರಕ್ತ ಮೊದಲು ನುಗ್ಗಿದಾಗ ಒಂದು ಬಡಿತ ಕೇಳುತ್ತದೆ. ಆಗ ಮಾಪಕದ ಮುಳ್ಳು ಎಲ್ಲಿದೆಯೋ ಅದು ಮೇಲಿನ ಅಂಕಿ. ಬಡಿತ ಮಾಯವಾದಾಗ ಎಲ್ಲಿದೆಯೋ ಅದು ಕೆಳಗಿನದು. ಅಷ್ಟೇ. ಆದರೆ ‘ಅಷ್ಟೇ’ ಎನ್ನುವುದು ಬಲ್ಲವರ ಮಾತು. ಕಿವಿಗೆ ಹೊಸದಾಗಿ ಆ ನಳಿಗೆ ಸಿಕ್ಕಿಸಿಕೊಂಡವರಿಗೆ ತಮ್ಮದೇ ಉಸಿರು, ಬಟ್ಟೆಯ ಸರಬರ, ಪಕ್ಕದ ಕೋಣೆಯ ನಲ್ಲಿ ಎಲ್ಲವೂ ಕೇಳುತ್ತವೆ, ಬೇಕಾದದ್ದೊಂದು ಕೇಳುವುದಿಲ್ಲ.

ರೆನೆಲ್ ಸ್ಯಾಮ್ಸನ್ ನನ್ನ ಮುಂದೆ ಮೊದಲ ಸಲ ಬಂದು ನಿಂತಾಗ, ನಮ್ಮ ಕೇಪ್ ಬ್ರೆಟನ್ ದ್ವೀಪದಲ್ಲಿ ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ.

“ಯಾರ ಮಗಳೇ ನೀನು?”

“ಐಲ್ ಮಡಾಮ್‌ನ ಅಲ್ಫೋನ್ಸ್ ಮಗಳು. ದೋಣಿ ಅಲ್ಫೋನ್ಸ್ ಅಲ್ಲ, ಪಿಟೀಲು ಅಲ್ಫೋನ್ಸ್.”

“ದೋಣಿ ಅಲ್ಫೋನ್ಸ್ ಮಗಳಾಗಿದ್ರೆ ಸೀಗಡಿನಾದ್ರೂ ಸಿಗ್ತಿತ್ತು,” ಎಂದ ಹ್ಯೂಯಿ.

“ಪಿಟೀಲು ಕೇಳಿದ್ರೆ ಸೀಗಡಿ ಬೇಡ ಅಂತೀರಿ,” ಎಂದಳು ಅವಳು ತಿರುಗಿಯೂ ನೋಡದೆ. ಆಗಲೇ ನನಗೆ ಅವಳು ಹಿಡಿಸಿದಳು.

ಉದ್ದ ಮೈಯ ಹುಡುಗಿ. ಇಪ್ಪತ್ತೈದರ ಆಸುಪಾಸು, ತರಗತಿಯ ಉಳಿದವರಿಗಿಂತ ದೊಡ್ಡವಳು. ಇಲ್ಲಿಗೆ ಬರುವ ಮುಂಚೆ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಹಾಸಿಗೆಯಲ್ಲಿ ಹೊರಳಿಸುವ ಕೆಲಸ ಮಾಡಿದ್ದಳು. ಅದು ಅವಳ ಕೈಯಲ್ಲೇ ಕಾಣುತ್ತಿತ್ತು. ಉಳಿದ ಮಕ್ಕಳು ನನ್ನ ತೋಳನ್ನು ಮೇಜಿನ ಮೇಲಿನ ಪುಸ್ತಕದಂತೆ ಎಳೆದುಕೊಳ್ಳುವರು. ಇವಳು ತನ್ನ ಅಂಗೈಯನ್ನು ಮೊಣಕೈ ಕೆಳಗೆ ಮೊದಲು ಇಟ್ಟು, ತೋಳು ತಾನಾಗಿ ಅಲ್ಲಿ ಒರಗುವವರೆಗೆ ಕಾಯುವಳು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಟ್ಟುಕೊಂಡು ಬೆಚ್ಚಗೆ ಮಾಡಿ ಆಮೇಲೆ ನನ್ನ ಚರ್ಮಕ್ಕೆ ತಾಗಿಸುವಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಆದರೆ ಅವಳಿಗೆ ಏನೂ ಕೇಳುತ್ತಿರಲಿಲ್ಲ.

ಹ್ಯೂಯಿಯ ತೋಳಿನಲ್ಲಿ ಕೇಳುತ್ತಿತ್ತು, ನನ್ನದರಲ್ಲಿ ಇಲ್ಲ. ಪರೀಕ್ಷೆಯಲ್ಲಿ ಎರಡು ಸಲ ಸೋತಳು. ಎರಡೂ ಸಲ ಚೀಟಿಯಲ್ಲಿ ಅವಳಿಗೆ ಸಿಕ್ಕಿದ್ದು ನನ್ನಂಥ ತೆಳು ಮೈಯ ಮುದುಕಿಯರು. ಮೂರನೆಯ ಸಲವೂ ತಪ್ಪಿದರೆ ಓದು ಅಲ್ಲಿಗೇ ನಿಲ್ಲುತ್ತದೆ, ಅದು ಕಾಲೇಜಿನ ನಿಯಮ. ಬಿ.ಪಿ. ನೋಡಲು ಬಾರದವರನ್ನು ಆಸ್ಪತ್ರೆಯ ವಾರ್ಡಿಗೆ ಕಳಿಸುವುದು ಹೇಗೆ? ನಿಯಮ ತಪ್ಪಲ್ಲ. ರೆನೆಲ್ ಹಳೆಯ ಕೆಲಸ ಬಿಟ್ಟು, ಊರು ಬಿಟ್ಟು, ಒಂದು ನೆಲಮಾಳಿಗೆಯ ಕೋಣೆಯಲ್ಲಿದ್ದುಕೊಂಡು ಓದುತ್ತಿದ್ದಳು.

ಮೂರನೆಯ ಪರೀಕ್ಷೆಯ ಹಿಂದಿನ ಬುಧವಾರ ಅವಳು ನನ್ನ ತೋಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಗೆಳತಿ ಕರ್ಸ್ಟಿ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದಳು. ಪಿಸುಮಾತು ನನಗೂ ಕೇಳಿಸಿತು.

“ಲೇ, ಮಿಸ್ ಎಫೀ ಸಿಕ್ಕಿದ್ರೆ ನೀನು ಬಚಾವ್. ಅವ್ರದು ಯಾವಾಗ್ಲೂ ನೂರಾ ಮೂವತ್ತೆರಡು, ಎಪ್ಪತ್ತಾರು. ಸೀನಿಯರ್ಸ್ ಎಲ್ಲಾ ಅದನ್ನೇ ಹೇಳಿ ಪಾಸಾಗಿರೋದು. ಚರ್ಚ್ ಗಡಿಯಾರ ಆದ್ರೂ ಹಿಂದೆ ಬಿದ್ದೀತು, ಅದು ಬೀಳಲ್ಲ.”

“ಕೇಳಿಸ್ದೇ ಹೆಂಗೇ ಹೇಳ್ಲಿ?”

“ಬಾಯಲ್ಲಿ ಹೇಳು.”

ಕರ್ಸ್ಟಿ ಕೆಟ್ಟವಳಲ್ಲ. ರೆನೆಲ್ ಹೊರಟುಹೋಗುತ್ತಾಳೆಂದು ಅವಳಿಗೆ ನಿಜವಾದ ಸಂಕಟವಿತ್ತು. ರೆನೆಲ್ ಪಟ್ಟಿ ಸರಿಮಾಡಿಕೊಂಡಳು. ಗಾಳಿ ತುಂಬಿದಳು, ನನ್ನ ಮುಖ ನೋಡಿದಳು. ಭುಸ್ಸೆಂದು ಗಾಳಿ ಹೋಯಿತು.

ಆಗ ನನಗೆ ಹೊಳೆಯಿತು. “ನೋಡೇ, ನೀನು ಮುಳ್ಳನ್ನ ನೋಡ್ತಿಲ್ಲ. ನನ್ನ ಮುಖ ನೋಡ್ತಿದೀಯ.”

“ಹೌದಾ?”

“ಪಟ್ಟಿ ಬಿಗಿಯಾದ ತಕ್ಷಣ ನಾನು ಹುಬ್ಬು ಗಂಟು ಹಾಕ್ತೀನೋ ಇಲ್ವೋ ನೋಡ್ತೀಯ. ಹಾಕಿದ್ರೆ ಗಾಳಿ ಬಿಟ್ಬಿಡ್ತೀಯ. ಅಷ್ಟು ಬೇಗ ಬಿಟ್ರೆ ಕೇಳೋದಾದ್ರೂ ಏನು?”

ಅವಳು ಪಟ್ಟಿಯನ್ನು ಬಿಚ್ಚಿ ಸುರುಳಿ ಸುತ್ತಿದಳು. ಆಮೇಲೆ ಹೇಳಿದಳು: “ಆಶ್ರಮದಲ್ಲಿ ಲಿಯೋನಿ ಅಂತ ಒಬ್ರಿದ್ರು. ಚರ್ಮ ಈರುಳ್ಳಿ ಸಿಪ್ಪೆ ಥರ. ಬಿ.ಪಿ. ನೋಡೋವಾಗೆಲ್ಲ ಅಳ್ತಿದ್ರು, ತೋಳು ನೀಲಿಗಟ್ಟೋದು. ನರ್ಸ್ ನೋಡೋಳು, ನಾನು ಕೈ ಹಿಡ್ಕೊಂಡು ನಿಂತಿರ್ತಿದ್ದೆ. ಈಗ ಬುರುಡೆ ನನ್ನ ಕೈಲಿದೆ. ಸಾಕು ಸಾಕು ಅಂತ ಬೆರಳೇ ಬಿಟ್ಬಿಡುತ್ತೆ ಮೆಮೇ.”

ಮೆಮೇ ಎಂದರೆ ಅವರ ಕಡೆಯ ಫ್ರೆಂಚರಲ್ಲಿ ಅಜ್ಜಿ. ಅವಳು ಅದನ್ನು ಗೊತ್ತಿಲ್ಲದೆ ಅಂದಳು. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

“ಮತ್ತೆ ನನ್ನ ತೋಳಿಗೆ ದಯೆ ಇಲ್ವಾ?” ಎಂದ ಹ್ಯೂಯಿ.

“ನಿಮ್ಮದು ತೋಳಲ್ಲ, ಗಣಿ ಕಂಬ ಅಂತ ನೀವೇ ಯಾವಾಗ್ಲೂ ಹೇಳ್ತೀರಲ್ಲ.”

“ನನಗೆ ನೋಯುತ್ತೆ,” ಎಂದೆ ನಾನು. “ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನೀನು ಬೇಗ ಬಿಟ್ಟು, ಕೇಳಲಿಲ್ಲ ಅಂತ ಮತ್ತೆ ಕಟ್ಟಿ, ಮತ್ತೆ ಬಿಟ್ಟು ಮಾಡಿದ್ರೆ ನಾಲ್ಕು ಪಟ್ಟು ನೋಯುತ್ತೆ. ನೋವು ಕೊಡೋದೇ ಆದ್ರೆ ಒಂದೇ ಸಲ ಕೊಡು, ಅದರಿಂದ ನನಗೇನಾದ್ರೂ ಉಪಯೋಗ ಆಗ್ಲಿ. ಗಾಳಿ ಮೆಲ್ಲಗೆ ಬಿಡು.”

ಅವಳು ತಲೆಯಾಡಿಸಿದಳು. ಆ ದಿನದ ತರಗತಿ ಅಷ್ಟರಲ್ಲಿ ಮುಗಿದಿತ್ತು.

ಪರೀಕ್ಷೆಯ ದಿನ ಬಂದರಿನ ತುಂಬ ಮಂಜುಗಡ್ಡೆ ತೇಲಿಬಂದು ನಿಂತಿತ್ತು. ಕಾಲೇಜಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದಂತಾಯಿತು. ವಯಸ್ಸು, ದಪ್ಪ ಕೋಟು ಎಂದುಕೊಂಡೆ. ಚೀಟಿ ಎತ್ತಿದಾಗ ರೆನೆಲ್‌ಗೆ ನಾನೇ ಬಂದೆ. ಬಾಗಿಲ ಬಳಿ ಕರ್ಸ್ಟಿ ಎರಡೂ ಕೈ ಎತ್ತಿ ದೇವರಿಗೆ ಮುಗಿದಳು.

ಪರೀಕ್ಷಕಿ ಡೋಲನ್ ಮೇಡಂ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಬಂದವರು. ಪರೀಕ್ಷೆಯಲ್ಲಿ ಮುಖದ ಮೇಲೆ ಏನೂ ತೋರಿಸುವುದಿಲ್ಲ. ಅವರ ಕೈಯಲ್ಲಿ ಜೋಡಿ ಸ್ಟೆತಾಸ್ಕೋಪ್ ಇತ್ತು. ಬಿಲ್ಲೆ ಒಂದೇ, ಕಿವಿಯ ನಳಿಗೆಗಳು ಎರಡು ಜೊತೆ. ಒಂದು ಹುಡುಗಿಗೆ, ಒಂದು ಮೇಡಂಗೆ. ಇಬ್ಬರೂ ಕೇಳುವುದು ಒಂದನ್ನೇ. ಹುಡುಗಿ ಹೇಳುವ ಅಂಕಿ ಮೇಡಂ ಕೇಳಿದ್ದಕ್ಕೆ ಹತ್ತಿರವಿದ್ದರೆ ಪಾಸು.

ರೆನೆಲ್ ಪಟ್ಟಿ ಕಟ್ಟಿದಳು. ಬಿಲ್ಲೆಯನ್ನು ಬೆಚ್ಚಗೆ ಮಾಡಿದಳು. ಗಾಳಿ ತುಂಬಿದಳು. ತೋಳು ಬಿಗಿದು ಬೆರಳುಗಳು ಜುಮ್ಮೆಂದವು. ನಾನು ಕಿಟಕಿಯತ್ತ ಮುಖ ತಿರುಗಿಸಿದೆ, ಅವಳಿಗೆ ನನ್ನ ಹುಬ್ಬು ಕಾಣದಿರಲಿ ಎಂದು.

ಗಾಳಿ ಹೋಗತೊಡಗಿತು. ಎಷ್ಟು ಮೆಲ್ಲಗೆ ಎಂದರೆ, ಮಲಗಿದ ಮಗುವಿನ ಪಕ್ಕದಿಂದ ಏಳುವ ತಾಯಿಯ ಹಾಗೆ. ನೋಯಿತು. ನೋಯುತ್ತಲೇ ನನಗೆ ಒಂದು ಬೆರಗು ಹುಟ್ಟಿತು. ಇಷ್ಟು ಗಮನ ಕೊಟ್ಟು ಯಾರಾದರೂ ನನ್ನನ್ನು ಆಲಿಸಿದ್ದು ಯಾವಾಗ? ನಾನು ಬಾಯಿ ಬಿಟ್ಟಿರಲಿಲ್ಲ, ಆದರೂ ಎರಡು ಜೀವಗಳು ಉಸಿರು ಬಿಗಿಹಿಡಿದು ನನ್ನ ತೋಳಿನ ಒಂದು ಮಡಿಕೆಗೆ ಕಿವಿಗೊಟ್ಟಿದ್ದವು.

ಗಾಳಿ ಪೂರ್ತಿ ಹೋಯಿತು.

“ಎಷ್ಟು?” ಎಂದರು ಮೇಡಂ.

ಕರ್ಸ್ಟಿ ಹೇಳಿಕೊಟ್ಟ ಅಂಕಿ ಅವಳ ನಾಲಿಗೆಯ ತುದಿಯಲ್ಲೇ ಇತ್ತೆಂದು ನನಗೆ ಗೊತ್ತು. ಅದು ನನಗೂ ಬಾಯಿಪಾಠ. ಹೇಳಿಬಿಡು ಮಗಳೇ ಎಂದು ನನ್ನ ಮನಸ್ಸೂ ಕೂಗಿತು, ಅದನ್ನು ಮುಚ್ಚಿಡಲಾರೆ.

“ಮೇಡಂ, ಇನ್ನೊಂದು ತೋಳಲ್ಲಿ ನೋಡ್ಬಹುದಾ?”

“ಕೇಳಲಿಲ್ವಾ?”

“ಕೇಳ್ತು. ಆದ್ರೆ... ನನ್ನ ಕಿವೀನೇ ಸರಿ ಇಲ್ವೇನೋ ಅಂತ.”

“ಇನ್ನೊಂದೇ ಸಲ ಅವಕಾಶ ಇದೆ. ಮಿಸ್ ಎಫೀನ ಕೇಳು.”

ಅವಳು ನನ್ನನ್ನು ಕೇಳಿದಳು. ನಾನು ಎಡದ ತೋಳು ಚಾಚಿದೆ. ಮತ್ತೆ ಪಟ್ಟಿ, ಮತ್ತೆ ಗಾಳಿ, ಮತ್ತೆ ಆ ಮೆಲ್ಲನೆಯ ಇಳಿತ. ಈ ಸಲ ಅವಳು ಕಣ್ಣನ್ನು ಮುಳ್ಳಿನಿಂದ ಕದಲಿಸಲಿಲ್ಲ.

“ಮೇಲಿನದು ನೂರೈವತ್ತರ ಹತ್ತಿರ,” ಎಂದಳು. “ಕೆಳಗಿನದು ತೊಂಬತ್ತು ಇರಬಹುದು. ಸರಿಯಾಗಿ ಹೇಳಕ್ಕಾಗ್ತಿಲ್ಲ ಮೇಡಂ, ಯಾಕಂದ್ರೆ ಬಡಿತ ಸಮ ಇಲ್ಲ. ಎರಡು ಬೇಗ ಬರುತ್ತೆ, ಆಮೇಲೆ ಬರೋದೇ ಇಲ್ಲ, ಆಮೇಲೆ ಒಂದು ಜೋರಾಗಿ. ಮೊದಲು ನಾನೇ ಮಧ್ಯದ್ದು ಬಿಟ್ಟೆ ಅನ್ಕೊಂಡೆ. ಬಿಟ್ಟಿಲ್ಲ. ಅದು ಹಂಗೇ ಇದೆ.” ಮೇಡಂ ಕಡೆ ತಿರುಗಿದಳು. “ತಪ್ಪಾಗಿದ್ರೆ ತಪ್ಪು. ನನಗೆ ಕೇಳಿಸಿದ್ದು ಇದು.”

ಡೋಲನ್ ಮೇಡಂ ಮುಖದಲ್ಲಿ ಈಗಲೂ ಏನೂ ಇರಲಿಲ್ಲ. ಆದರೆ ಅವರು ಕಿವಿಯ ನಳಿಗೆಯನ್ನು ತೆಗೆಯಲಿಲ್ಲ. “ಎದೆ ಮೇಲಿಡು,” ಎಂದರು. ರೆನೆಲ್ ನನ್ನ ಅನುಮತಿ ಕೇಳಿ, ಸ್ವೆಟರಿನ ಗುಂಡಿ ಬಿಚ್ಚಿ, ಬಿಲ್ಲೆಯನ್ನು ಎಡಗಡೆ ಇಟ್ಟಳು. ಇಬ್ಬರೂ ತಲೆ ಬಗ್ಗಿಸಿ ನಿಂತರು. ಹ್ಯೂಯಿ ಕೂಡ ಸುಮ್ಮನಾಗಿದ್ದ. ಅವನು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಹೌದು,” ಎಂದರು ಮೇಡಂ ಕೊನೆಗೆ. “ನನಗೂ ಅದೇ ಕೇಳ್ತಿದೆ.” ಆಮೇಲೆ ನನ್ನ ಕಡೆ ತಿರುಗಿದರು. “ಎಫೀ, ಹೆದರಬೇಡಿ. ಎದೆಬಡಿತ ತಾಳ ತಪ್ಪಿದೆ. ವಯಸ್ಸಾದೋರಲ್ಲಿ ಆಗೋದೇ. ಆದ್ರೆ ಸುಮ್ನೆ ಬಿಟ್ರೆ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗೋ ಅಪಾಯ ಇರುತ್ತೆ. ಇವತ್ತೇ ಡಾಕ್ಟರು ನೋಡಬೇಕು. ನಾನು ಫೋನ್ ಮಾಡಿ ಬರ್ತೀನಿ. ಎದೆ ನೋವಿದ್ಯಾ? ತಲೆ ಸುತ್ತು?”

“ಇಲ್ಲ. ಮೆಟ್ಟಿಲು ಹತ್ತುವಾಗ ಸ್ವಲ್ಪ ಉಸಿರು...”

“ಅದನ್ನ ಈಗ ಹೇಳ್ತೀರಾ!” ಎಂದ ಹ್ಯೂಯಿ. “ಟೀಚರಾಗಿ ಪಾಠ ಮಾಡಿದ್ದೇ ಮಾಡಿದ್ದು, ಒಂದು ಉತ್ತರ ನೆಟ್ಟಗೆ ಕೊಡಲ್ಲ.” ಬೈಗುಳದಷ್ಟು ಗಟ್ಟಿಯಾಗಿರಲಿಲ್ಲ ಅವನ ಧ್ವನಿ. ತನ್ನ ಕೋಟು ತಂದು ನನ್ನ ಮೊಣಕಾಲ ಮೇಲೆ ಹೊದಿಸಿದ.

ಮೇಡಂ ಹೋಗುವ ಮುನ್ನ ತಮ್ಮ ಕಿವಿಯ ನಳಿಗೆಗಳನ್ನು ಬಟ್ಟೆಯಿಂದ ಒರೆಸಿ, “ಕೇಳ್ತೀರಾ?” ಎಂದು ನನ್ನ ಕಿವಿಗೆ ಸಿಕ್ಕಿಸಿದರು. ಇಷ್ಟು ವರ್ಷ ತೋಳು ಕೊಟ್ಟಿದ್ದೆ, ಕಿವಿ ಕೊಟ್ಟಿರಲಿಲ್ಲ. ಮೊದಲು ಕಡಲಿನಂಥ ಮೊರೆತ. ಆಮೇಲೆ ಅದರೊಳಗಿಂದ, ಕತ್ತಲ ಮೆಟ್ಟಿಲಿನಲ್ಲಿ ಯಾರೋ ಮುಗ್ಗರಿಸುತ್ತ ಹತ್ತುತ್ತಿರುವಂತೆ ಒಂದು ಸದ್ದು. ಎರಡು ಹೆಜ್ಜೆ ಬೇಗ, ಒಂದು ತಡೆ, ಮತ್ತೆ ಹೆಜ್ಜೆ. ನಾನು ಹುಟ್ಟುವುದಕ್ಕೂ ಮುಂಚೆ ಹೊರಟದ್ದು. ನಾನು ಮಲಗಿದಾಗ, ಪಾಠ ಹೇಳಿದಾಗ, ತಾಯಿಯನ್ನು ಮಣ್ಣು ಮಾಡಿ ಬಂದ ದಿನ, ಒಮ್ಮೆಯೂ ಕೂರದೆ ನಡೆದದ್ದು. ಈಗ ಕಾಲು ಸೋತಿದ್ದರೂ ಹತ್ತುತ್ತಲೇ ಇತ್ತು. ನಾನು ಅದಕ್ಕೆ ಒಂದು ದಿನವೂ ಉಪಕಾರ ಎಂದಿರಲಿಲ್ಲ. ತಲೆಯೆತ್ತಿದೆ. ಅದೇ ನಳಿಗೆಯ ಇನ್ನೊಂದು ತುದಿಯಲ್ಲಿ ರೆನೆಲ್ ಅದನ್ನೇ ಕೇಳುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

“ಇಷ್ಟು ಚೆನ್ನಾಗಿ ಕೇಳುತ್ತಾ ಮೆಮೇ!” ಎಂದಳು. “ನನಗೆ ಗೊತ್ತೇ ಇರಲಿಲ್ಲ.”

ಆಮೇಲೆ ಅವಳು ನಳಿಗೆ ತೆಗೆದಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು, ನನ್ನ ಮಣಿಕಟ್ಟಿನ ನಾಡಿಯ ಮೇಲೆ ಮೂರು ಬೆರಳಿಟ್ಟಳು. ಗೋಡೆ ಗಡಿಯಾರದ ಮೇಲೆ ಕಣ್ಣು ನೆಟ್ಟಳು. ಬಾಗಿಲ ಬಳಿ ಮಕ್ಕಳು ಗುಂಪುಗೂಡಿದ್ದರು.

ಡೋಲನ್ ಮೇಡಂ ಮರಳಿ ಬಂದರು. “ಡಾಕ್ಟರು ಈಗಲೇ ಕರ್ಕೊಂಡು ಬನ್ನಿ ಅಂದ್ರು. ನನ್ನ ಕಾರಲ್ಲೇ ಹೋಗೋಣ.” ಕೊಂಚ ನಿಂತು ಹೇಳಿದರು, “ರೆನೆಲ್, ನೀನು ಪಾಸ್.”

ಕರ್ಸ್ಟಿ ಕಿರುಚಿದಳು. ಹ್ಯೂಯಿ ಮೇಜು ಗುದ್ದಿದ. ರೆನೆಲ್ ಮಾತ್ರ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಬಿಡುವಾಗಿದ್ದ ಕೈಯನ್ನು ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು.

“ಒಂದ್ನಿಮಿಷ ಮೇಡಂ,” ಎಂದಳು. “ಎಣಿಸ್ತಿದೀನಿ.”