ಯಾರೂ ಒಡೆಯದ ಲಕೋಟೆ

ನಮ್ಮ ವಿಭಾಗದಲ್ಲಿ ಅದಕ್ಕೆ ಕ್ಷೌರ ಎಂದು ಹೆಸರು. ಉತ್ತರಪತ್ರಿಕೆ ತಿದ್ದಿ ಮುಗಿದ ಮೇಲೆ ಮೇಷ್ಟ್ರುಗಳೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು, ಅರವತ್ತೈದು ದಾಟಿದ ಅಂಕಗಳನ್ನು ಅರವತ್ತರ ಆಸುಪಾಸಿಗೆ ಇಳಿಸುತ್ತಿದ್ದರು. ಅಂಕ ಧಾರಾಳವಾದರೆ ಪದವಿಯ ಮರ್ಯಾದೆ ಹೋಗುತ್ತದೆ ಎಂಬುದು ವಿಭಾಗದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರ ನಂಬಿಕೆ.

"ಈ ಸಲ ನಿಂಗೆಷ್ಟು ಕ್ಷೌರ ಆಯ್ತೇ?"

"ಪೂರ್ತಿ ಬೋಡು ಕಣೇ."

ಹೀಗೆ ನಗುತ್ತಿದ್ದೆವು. ನಕ್ಕಿದ್ದೇ ತಪ್ಪು.

ಕೊನೆಯ ವರ್ಷ ನನ್ನ ಉತ್ತರಪತ್ರಿಕೆಯ ಮೇಲೆ ಎಪ್ಪತ್ತಾರು ಇತ್ತು. ಅದನ್ನು ಹೊಡೆದು, ಹಸಿರು ಶಾಯಿಯಲ್ಲಿ ಅರವತ್ತೊಂದು ಎಂದು ಬರೆದು, ಕೆಳಗೆ ದೊಡ್ಡ ಮೇಷ್ಟ್ರು ಸಹಿ ಹಾಕಿದ್ದರು. ಸಹಿಯ ಕೊನೆಯಲ್ಲಿ ಉದ್ದನೆಯ ಬಾಲ. ಅಷ್ಟಾದರೂ ಇಡೀ ತರಗತಿಗೆ ನಾನೇ ಮೊದಲು.

ಮರುಮೌಲ್ಯಮಾಪನಕ್ಕೆ ಹದಿನೈದು ದಿನ ಅವಕಾಶ. ಅದನ್ನು ಹೊರಗಿನವರು ಮಾಡುತ್ತಾರೆ, ಕ್ಷೌರದ ಮೇಜಿಗೆ ಬರುವುದಿಲ್ಲ. ಅರ್ಜಿ ತುಂಬಿಕೊಂಡು ಸಹಿಗೆಂದು ದೊಡ್ಡ ಮೇಷ್ಟ್ರ ಕೋಣೆಗೆ ಹೋದೆ.

"ಇದ್ಯಾಕೆ?" ಎಂದರು.

"ಸಂಶೋಧನಾಲಯಕ್ಕೆ ಹಾಕ್ತಿದ್ದೀನಿ ಸರ್. ಕುಡಿಯೋ ನೀರಿನ ವಿಭಾಗ. ಒಂದೇ ಸೀಟು."

"ನಮ್ಮ ಅರವತ್ತೊಂದು ಬೇರೆ ಕಡೆಯ ತೊಂಬತ್ತಕ್ಕೆ ಸಮ ಅಂತ ಅಲ್ಲಿಯವರಿಗೆ ಗೊತ್ತು ಮಗಳೇ. ಗೊತ್ತಿಲ್ಲದಿದ್ರೆ ನಾನು ಪತ್ರ ಬರೆದು ತಿಳಿಸ್ತೀನಿ. ಮೊದಲನೆಯವಳೇ ಹೋಗಿ ಹೊರಗಿನವರ ಹತ್ರ ತಿದ್ದಿಸಿದ್ರೆ ವಿಭಾಗದ ಮುಖಕ್ಕೆ ಮಸಿ."

"ಬೇಜಾರು ಮಾಡ್ಕೋಬೇಡಿ ಸರ್" ಎಂದು ಅರ್ಜಿಯನ್ನು ಅವರೆದುರೇ ಹರಿದೆ. ಮಗಳೇ ಎಂದಿದ್ದರಲ್ಲ.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ದೊಡ್ಡ ಮೇಷ್ಟ್ರು ಪತ್ರ ಬರೆದು, ಮೊಹರು ಮಾಡಿ ಕೊಟ್ಟ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಒಳಗೇನಿದೆ?"

"ನಾವು ಒಡೀಬಾರದಮ್ಮ."

"ನಾನು ಗಂಟು ಬಿಚ್ಚಿ ನೋಡದೆ ಒಂದು ಬಟ್ಟೇನೂ ಒಳಗೆ ತಗೊಳ್ಳಲ್ಲ" ಎಂದಳು. ನಾನು ಸಿಡುಕಿದೆ.

ಸೀಟು ಸಿಕ್ಕಿದ್ದು ಚಿಕ್ಕಮ್ಮನ ಮಗನಿಗೆ. ನನ್ನ ಟಿಪ್ಪಣಿ ಓದಿಯೇ ಬೇರೆ ವಿಶ್ವವಿದ್ಯಾಲಯದಲ್ಲಿ ಎಂಬತ್ತಾರು ತೆಗೆದಿದ್ದ. "ಅಕ್ಕ, ಇದು ನಿಂದು ಅಂತ ನಂಗೊತ್ತು" ಎಂದು ಫೋನಿನಲ್ಲಿ ತಡವರಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಸಂಶೋಧನಾಲಯಕ್ಕೆ ಹೋದೆ. ನನ್ನ ಅರ್ಜಿಯನ್ನು ಯಾಕೆ ತಳ್ಳಿಹಾಕಿದಿರಿ ಎಂದು ಕೇಳಿದ್ದಕ್ಕೆ ಗುಮಾಸ್ತೆ ಕಪಾಟಿನ ತಳದಿಂದ ಫೈಲು ಎಳೆದಳು. ಲಕೋಟೆಯ ಮೊಹರು ಹಾಗೇ ಇತ್ತು.

"ಒಡೆದೇ ಇಲ್ವಲ್ಲ ಮೇಡಂ?"

"ಅರವತ್ತೈದರ ಕೆಳಗಿನವರದ್ದು ಒಡೆಯೋ ಹಾಗಿಲ್ಲ ಕಣಮ್ಮ. ಅಂಕ ನೋಡ್ತೀವಿ, ತಳಕ್ಕೆ ಹಾಕ್ತೀವಿ. ನಿಮ್ಮ ವಿಭಾಗದಿಂದ ವರ್ಷಾ ವರ್ಷಾ ಬರ್ತವೆ ಇಂಥವು. ಬೇಕಾದ್ರೆ ತಗೊಂಡ್ಹೋಗು, ನಮಗೂ ಜಾಗ ಆಗುತ್ತೆ."

"ಯಾರು ಮಾಡಿದ ನಿಯಮ ಇದು?"

ಅವಳು ಗೋಡೆಯತ್ತ ಕೈ ತೋರಿಸಿದಳು. ಆಯ್ಕೆ ಸಮಿತಿಯ ಸುತ್ತೋಲೆ, ನಾಲ್ಕು ವರ್ಷ ಹಳೆಯದು. ಮೂರು ಸಹಿ. ಮೂರನೆಯದು ಹಸಿರು ಶಾಯಿಯದು, ಕೊನೆಯಲ್ಲಿ ಉದ್ದನೆಯ ಬಾಲ.

ಅದರ ಪ್ರತಿ ಕೇಳಿ ಪಡೆದೆ. ದಾರಿಯುದ್ದಕ್ಕೂ ಲಕೋಟೆ ತೊಡೆಯ ಮೇಲಿತ್ತು. ಒಡೆಯಲಿಲ್ಲ.

ದೊಡ್ಡ ಮೇಷ್ಟ್ರು ಸುತ್ತೋಲೆ ನೋಡಿ ಬೆಚ್ಚಲೂ ಇಲ್ಲ. "ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲಮ್ಮ. ಅಲ್ಲಿ ನಾನು ಸಮಿತಿ ಸದಸ್ಯ, ಇಲ್ಲಿ ನಿನ್ನ ಮೇಷ್ಟ್ರು. ಎರಡನ್ನೂ ಬೆರೆಸಬಾರದು."

"ಗೆರೆ ಎಳೆದ ಕೈಯಲ್ಲೇ ನನ್ನನ್ನ ಅದರ ಕೆಳಗೆ ತಳ್ಳಿದ್ರಿ."

"ಪತ್ರದಲ್ಲಿ ಒಂದು ಸುಳ್ಳೂ ಬರೆದಿಲ್ಲ. ಓದು."

ಒಡೆದೆ. 'ಮೂವತ್ತು ವರ್ಷದ ಪಾಠದಲ್ಲಿ ಇಂಥ ವಿದ್ಯಾರ್ಥಿನಿಯನ್ನು ಕಂಡಿಲ್ಲ' ಎಂದಿತ್ತು. ನನ್ನನ್ನು ದಡ್ಡಿ ಎಂದು ಬರೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೇ ಇಷ್ಟು ಚೆಂದ ಬರೆದಿದ್ದರು. ನನಗಿಂತ ಮುಂಚಿನ ಮೂರು ತಂಡಗಳ ವಿದ್ಯಾರ್ಥಿಗಳಿಗೂ ಹೀಗೇ ಬರೆದು, ಮೊಹರು ಒತ್ತಿ, ಬೆನ್ನು ತಟ್ಟಿ ಕಳಿಸಿದ್ದರು. ಹೊರಗೆ ವಿಭಾಗಕ್ಕೆ ಕಟ್ಟುನಿಟ್ಟಿನ ಹೆಸರು, ಒಳಗೆ ಅವರಿಗೆ ಕರುಣಾಳು ಎಂಬ ಹೆಸರು. ಎರಡಕ್ಕೂ ಸುಟ್ಟಿದ್ದು ನಮ್ಮ ವರ್ಷಗಳು.

ಅವರು ಕನ್ನಡಕ ಒರೆಸಿಕೊಂಡರು. "ಮುಂದಿನ ವರ್ಷ ಹಾಕು ಮಗಳೇ."

"ಮಗಳೇ ಅನ್ಬೇಡಿ ಸರ್."

ನನ್ನ ಹದಿನೈದು ದಿನ ಎಂದೋ ಮುಗಿದಿತ್ತು. ಆದರೆ ಆ ವಾರವೇ ಕಿರಿಯರ ಫಲಿತಾಂಶ ಬಂದಿತ್ತು. ಎಪ್ಪತ್ತಾರು ಹೊಡೆದುಹಾಕಿದ ಉತ್ತರಪತ್ರಿಕೆಯ ಪ್ರತಿ, ಹೊಗಳಿಕೆಯ ಪತ್ರ, ಸುತ್ತೋಲೆ, ಮೂರನ್ನೂ ವಿಭಾಗದ ಸೂಚನಾ ಫಲಕಕ್ಕೆ ಅಂಟಿಸಿದೆ. ಮರುಮೌಲ್ಯಮಾಪನದ ಖಾಲಿ ಅರ್ಜಿಗಳನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ.

ಫಲಕ ಓದಿದ ಹುಡುಗಿಯೊಬ್ಬಳು ಹತ್ತಿರ ಬಂದಳು. ಅರ್ಜಿ ತೆಗೆದುಕೊಂಡು, ದೊಡ್ಡ ಮೇಷ್ಟ್ರ ಬಾಗಿಲತ್ತ ನೋಡಿದಳು.

"ಅಕ್ಕ, ಸರ್ ಬೇಜಾರು ಮಾಡ್ಕೊಳ್ಳಲ್ವಾ?"

"ಮಾಡ್ಕೊಳ್ತಾರೆ. ಪೆನ್ನಿದ್ಯಾ?"

ಇರಲಿಲ್ಲ. ನನ್ನದನ್ನೇ ಕೊಟ್ಟೆ.