ಬಿಳಿ ಪಿನ್ನು

ಗೋಡೆಗೆ ಒರಗಿದ್ದ ಟಿ.ವಿ.ಯನ್ನು ಮುಂದಕ್ಕೆಳೆದು, ಅದರ ಬೆನ್ನ ಹಿಂದೆ ತಲೆ ತೂರಿಸಿಕೊಂಡಿದ್ದ ಗಂಡನ ಅಂಗಾಲು ಮಾತ್ರ ಟೈಲರಮ್ಮನಿಗೆ ಕಾಣುತ್ತಿತ್ತು. ಮಿಕ್ಕವನು ಧೂಳು, ಜೇಡರ ಬಲೆ ಮತ್ತು ಬೈಗುಳದ ನಡುವೆ ಎಲ್ಲೋ ಇದ್ದ.

"ರೀ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಇರೋ ಟಿ.ವಿ.ನೂ ಕೆಟ್ಟರೆ ಸಂಜೆ ಹೊತ್ತು ನಿಮ್ಮ ಮುಖಾನೇ ನೋಡ್ಕೊಂಡು ಕೂರಬೇಕಾಗುತ್ತೆ ನಾನು."

"ಬಸ್ಸಿನ ಎಂಜಿನ್ ಇಳಿಸಿ ಹತ್ತಿಸೋನಿಗೆ ಇದೇನ್ ಮಹಾ! ಇಲ್ಲಿ ತೂತು ಮೂರಿದೆ, ವೈರ್‌ಗೆ ತಲೆ ಎರಡೇ. ಮಾಡಿದೋನಿಗೇ ಲೆಕ್ಕ ಬಂದಿಲ್ಲ, ನಂದೇನೇ ತಪ್ಪು?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಅತ್ತಿಗೆ ಮೊದಲು ನಗುತ್ತಿದ್ದರು. ಇವತ್ತು ಅವರು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಈ ಮನೆಯಲ್ಲಿದ್ದಷ್ಟು ವರ್ಷವೂ ಆ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಮೊಳೆ ಈಗಲೂ ಅಲ್ಲೇ ಇತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವರು ನೆಂಟರು.

ಅತ್ತಿಗೆ ಅಂದರೆ ಗಂಡನ ಅಕ್ಕ. ಮದುವೆ ಬೇಡವೆಂದು ಉಳಿದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಕೊರಕೊರ ಸದ್ದಿನೊಳಗೆ ತೇಲಿ ಬರುವ ದೂರದೂರಿನ ಸಣ್ಣ ಸಣ್ಣ ದನಿಗಳನ್ನು ಹೆಕ್ಕಿ, ಯಾರಿಗೆ ಯಾರು ಬೇಕೋ ಅವರನ್ನು ಜೋಡಿಸಿಯೇ ಅರ್ಧ ಆಯಸ್ಸು ಕಳೆದವರು. ಅವರ ಕಿವಿ ಅಂದರೆ ಕಿವಿ. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದರೆ ಮಹಡಿಯ ಮೇಲಿಂದಲೇ, "ಯಾರದು ಕಡೆಯಲ್ಲಿ ಸ್ನಾನಕ್ಕೆ ಹೋಗಿದ್ದೋರು?" ಎಂದು ವಿಚಾರಣೆ ಶುರು ಮಾಡುತ್ತಿದ್ದರು. ನಿವೃತ್ತಿಯಾದಾಗ ತಮಗೆಂದು ಕೊಂಡುಕೊಂಡ ಒಂದೇ ಒಂದು ಶೋಕಿಯ ಸಾಮಾನು, ಈಗ ಟಿ.ವಿ.ಗೆ ಜೋಡಿಸುತ್ತಿದ್ದ ಈ ಡಿಜಿಟಲ್ ಕ್ಯಾಮೆರಾ. ಮನೆ ಬಿಟ್ಟು ಹೋಗುವಾಗ ಅದನ್ನೂ ಬಿಟ್ಟೇ ಹೋಗಿದ್ದರು. ಇವತ್ತು ಒಯ್ಯಲು ಬಂದಿದ್ದರು.

"ಅಷ್ಟು ಪುಟ್ಟ ಪರದೇಲಿ ನನಗೇನೂ ಕಾಣಲ್ಲಪ್ಪ, ಕಣ್ಣಿಗೆ ಪೊರೆ ಬಂದಿದೆ" ಎಂದು ಅತ್ತಿಗೆ ಅಂದದ್ದೇ ತಡ, ಗಂಡ ಅಂಗಿಯ ತೋಳು ಮಡಚಿದ್ದ. "ಇರಕ್ಕ, ಟಿ.ವಿ.ಗೆ ಹಾಕಿ ಆನೆ ಗಾತ್ರ ಮಾಡಿ ತೋರಿಸ್ತೀನಿ. ನೋಡ್ಕೊಂಡೇ ಹೋಗುವಂತೆ." ಅದರಲ್ಲಿದ್ದ ತನ್ನ ಮಗಳ ಫೋಟೋ ನೋಡುತ್ತ ನೋಡುತ್ತ ಅಕ್ಕನ ಮನಸ್ಸು ಮೆತ್ತಗಾದರೆ, ಅಲ್ಲೇ ಒಂದು ಮಾತು ಹಾಕಿ ಉಳಿಸಿಕೊಳ್ಳಬಹುದು ಎಂಬುದು ಅವನ ಲೆಕ್ಕ. ಟೈಲರಮ್ಮನಿಗೂ ಅದೇ ಬೇಕಿತ್ತು. ಆದರೆ ಒಂದು ಮಾತನ್ನು ತಾನು ಒಪ್ಪಿಕೊಳ್ಳದೆಯೇ ಅದು ಆಗಿಬಿಡಬೇಕಿತ್ತು.

ಮಗಳು ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಮೊದಲ ದಿನದ ಮಾತು ಅದು. ಬೀದಿಗೆಲ್ಲ ಬಟ್ಟೆ ಹೊಲಿಯುವ ಟೈಲರಮ್ಮ ಮಗಳ ಯೂನಿಫಾರಮನ್ನು ಬೇರೆಯವರ ಕೈಗೆ ಕೊಡುತ್ತಾಳೆಯೇ? ಮೂರು ಸಲ ಬಿಚ್ಚಿ, ಮೂರು ಸಲ ಹೊಲಿದು, ಇಸ್ತ್ರಿ ಮಾಡಿ ತೊಡಿಸಿ, ಮೆಟ್ಟಿಲ ಮೇಲೆ ಮಗಳನ್ನು ನಿಲ್ಲಿಸಿ, ಅತ್ತಿಗೆಯ ಕ್ಯಾಮೆರಾವನ್ನು ಇಸಿದುಕೊಂಡು ತಾನೇ ಫೋಟೋ ತೆಗೆಯುತ್ತಿದ್ದಳು. ಅಷ್ಟರಲ್ಲಿ ಅತ್ತಿಗೆ ಅಡ್ಡ ಬಂದರು. ಬಂದವರೇ ಬಗ್ಗಿ ಮಗಳ ಬಟ್ಟೆಯ ಅಂಚಿಗೆ ಕೈ ಹಾಕಿದರು. ಏನೋ ಅಂದರು ಕೂಡ. ಅದು ಟೈಲರಮ್ಮನ ಕಿವಿಗೆ ಹೋಗಲಿಲ್ಲ. ಅವಳಿಗೆ ಕಂಡದ್ದು ಒಂದೇ: ನನ್ನ ಹೊಲಿಗೆಯಲ್ಲಿ ಇವತ್ತೂ ಇವರಿಗೊಂದು ಹುಳುಕು ಸಿಕ್ಕಿತು. ಕ್ಯಾಮೆರಾದ ಮರೆಯಲ್ಲೇ, ಹಲ್ಲಿನ ನಡುವೆ, ತನಗೆ ತಾನೇ ಅಂದುಕೊಂಡಳು: "ಇವರೊಬ್ಬರು ಇಲ್ಲದಿದ್ರೆ ಫೋಟೋನೂ ಚೆನ್ನಾಗಿರುತ್ತೆ, ಮನೇನೂ ಚೆನ್ನಾಗಿರುತ್ತೆ."

ಎಕ್ಸ್‌ಚೇಂಜಿನ ಕಿವಿಗೆ ಅದು ಕೇಳಿಸಿತು.

ಮಧ್ಯಾಹ್ನ ಅತ್ತಿಗೆ ತಮ್ಮನ ಮುಂದೆ ಹೇಳಿದರು. ಜಗಳಕ್ಕಲ್ಲ, ಇದ್ದದ್ದನ್ನು ಇದ್ದ ಹಾಗೆ. "ನಾನಾ? ಅಯ್ಯೋ, ಅಂಥ ಮಾತು ನನ್ನ ಬಾಯಲ್ಲಿ ಬರುತ್ತಾ? ದೇವರಾಣೆ ಅಂದಿಲ್ಲ" ಎಂದುಬಿಟ್ಟಳು ಟೈಲರಮ್ಮ. ಒಂದು ಸಲ ಹೇಳಿದ ಮೇಲೆ ಹಿಂದಕ್ಕೆ ಬರಲು ದಾರಿಯೇ ಉಳಿಯಲಿಲ್ಲ. ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು, ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡು, "ನಿನಗೆ ಹಾಗೆ ಕೇಳಿಸಿರ್ಬೇಕು ಬಿಡಕ್ಕ. ವಯಸ್ಸಾಯ್ತು, ಕಿವಿ ಮೊದಲಿನ ಹಾಗೇ ಇರುತ್ತಾ?" ಅಂದ.

ಅತ್ತಿಗೆ ತಮ್ಮನ ಹೆಂಡತಿಯ ಮಾತನ್ನಾದರೂ ನುಂಗಿಕೊಳ್ಳುತ್ತಿದ್ದರೇನೋ. ತಮ್ಮನ ಈ ಮಾತನ್ನು ನುಂಗಲಾಗಲಿಲ್ಲ. ಅದೇ ವಾರ, ಹಳೆಯ ಎಕ್ಸ್‌ಚೇಂಜಿನ ಹತ್ತಿರ ಒಂದು ಕೋಣೆ ಹಿಡಿದು ಹೊರಟುಹೋದರು.

"ಬಂತು, ಬಂತು!" ಎಂದು ಗಂಡ ಟಿ.ವಿ. ಹಿಂದಿನಿಂದ ಕೂಗಿದ. ತಲೆಯ ಮೇಲೆ ಜೇಡರ ಬಲೆ ಟೋಪಿಯ ಹಾಗೆ ಕೂತಿತ್ತು. "ಹಳದಿ ಪಿನ್ನು ಹಳದಿ ತೂತಿಗೆ. ಅಷ್ಟೇ ವಿದ್ಯೆ. ರಿಮೋಟಲ್ಲಿ ಎ.ವಿ. ಒತ್ತೇ."

ನೀಲಿ ಪರದೆ ಒಮ್ಮೆ ನಡುಗಿ, ಮಗಳು ಬಂದು ನಿಂತಳು. ಟಿ.ವಿ. ತುಂಬ ಅವಳೇ. ಹಲ್ಲು ಕಾಣಬಾರದೆಂದು ತುಟಿ ಬಿಗಿಹಿಡಿದು ನಗುವ ಅವಳ ಆ ನಗು.

"ಅಬ್ಬಾ, ಎಷ್ಟು ದೊಡ್ಡವಳಾಗಿ ಕಾಣ್ತಾಳೋ" ಎಂದು ಅತ್ತಿಗೆ ಕುರ್ಚಿಯನ್ನು ಮುಂದಕ್ಕೆ ಸರಿಸಿಕೊಂಡರು. ಚೀಲ ತೊಡೆಯಿಂದ ಜಾರಿ ನೆಲಕ್ಕಿಳಿಯಿತು. ಎತ್ತಿಕೊಳ್ಳಲಿಲ್ಲ. ಗಂಡ ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದ.

"ನಿನ್ನ ಹಾಗೇ ಮೂಗು ಕಣಕ್ಕ. ಪಾಪ, ಅವಳ ಹಣೇಬರಹ."

"ಸುಮ್ನಿರೋ. ನಿನ್ನ ಮೂಗು ಬಂದಿದ್ರೆ ಆಸ್ಪತ್ರೇಲಿ ರೋಗಿಗಳು ಹೆದರಿ ಓಡಿಹೋಗೋರು."

ಟೈಲರಮ್ಮನೂ ನಕ್ಕಳು. ಟಿ.ವಿ. ಪಕ್ಕದಲ್ಲಿ ನಿಂತು, ಕ್ಯಾಮೆರಾದ ಗುಂಡಿ ಒತ್ತಿ ಒತ್ತಿ ಒಂದೊಂದೇ ಫೋಟೋ ಮುಂದೆ ಹಾಕುತ್ತಿದ್ದಳು. ಆಗ ಅವಳ ಕಣ್ಣು ಯೂನಿಫಾರಮಿನ ಅಂಚಿಗೆ ಹೋಯಿತು. ಹೊಲಿಯುವವರ ಕಣ್ಣು, ಮುಖ ನೋಡಿ ಮುಗಿದ ಮೇಲೆ ಅಂಚಿಗೆ ಹೋಗಲೇಬೇಕು.

ಅಂಚಿನಿಂದ ಒಂದು ಬಿಳಿ ದಾರ ಇಳಿಬಿದ್ದಿತ್ತು. ಕಚ್ಚಾ ಹೊಲಿಗೆಯ ದಾರ. ಮಡಿಕೆ ನಿಲ್ಲಲೆಂದು ಮೊದಲು ಕೈಯಲ್ಲಿ ಹಾಕಿ, ಮಿಷನ್ ಹೊಲಿಗೆ ಮುಗಿದ ಮೇಲೆ ಎಳೆದು ತೆಗೆಯಬೇಕಾದ ದಾರ. ಮೂರು ಸಲ ಬಿಚ್ಚಿ ಹೊಲಿದ ಗಡಿಬಿಡಿಯಲ್ಲಿ ತೆಗೆಯುವುದನ್ನೇ ಮರೆತಿದ್ದಳು. ಕ್ಯಾಮೆರಾದ ಅಂಗೈಯಗಲದ ಪರದೆಯಲ್ಲಿ ಎಷ್ಟು ಸಲ ಈ ಫೋಟೋ ನೋಡಿದ್ದಳೋ, ಒಮ್ಮೆಯೂ ಕಂಡಿರಲಿಲ್ಲ. ಈಗ ಅದು ಮಗಳ ಕಾಲಿನವರೆಗೆ ಹಗ್ಗದಷ್ಟು ದಪ್ಪವಾಗಿ ನೇತಾಡುತ್ತಿತ್ತು. ಮುಂದಿನ ಫೋಟೋದಲ್ಲೂ ಇತ್ತು. ಅದರ ಮುಂದಿನದರಲ್ಲೂ.

ಅತ್ತಿಗೆ ಬಗ್ಗಿದ್ದು ಅದಕ್ಕೆ.

ಟೈಲರಮ್ಮ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಬಂದ ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಗುರುತು ಮೂಡಿತು. "ಇದು ಫೋಟೋ ಅಲ್ಲ ಕಣೇ, ವಿಡಿಯೋ!" ಎಂದ ಗಂಡ. "ಕ್ಯಾಮೆರಾ ಮೇಲಿನ ಚಕ್ರ ತಿರುಗಿಸಿಬಿಟ್ಟಿದ್ದೀಯ ನೋಡು. ಫೋಟೋ ಅಂತ ವಿಡಿಯೋ ತೆಗೆದಿದ್ದೀಯ." ಕೈ ಚಾಚಿ ನಡುವಿನ ಗುಂಡಿ ತಾನೇ ಒತ್ತಿದ.

ಚಿತ್ರ ಅಲುಗಾಡಿತು. ಮಗಳು ನಿಂತಿದ್ದಾಳೆ. ಪಕ್ಕದಿಂದ ಅತ್ತಿಗೆ ಬರುತ್ತಾರೆ, ಬಗ್ಗುತ್ತಾರೆ, ತುಟಿ ಆಡುತ್ತದೆ. ಬೆರಳು ದಾರವನ್ನು ಇನ್ನೇನು ಹಿಡಿಯಬೇಕು, ಅಷ್ಟರಲ್ಲಿ ಕೈ ನಿಲ್ಲುತ್ತದೆ. ಮುಖ ಎತ್ತಿ ನೇರ ಕ್ಯಾಮೆರಾದ ಕಡೆ ನೋಡುತ್ತಾರೆ. ಆ ಮುಖ ಇಡೀ ಟಿ.ವಿ. ತುಂಬ, ನಿಶ್ಶಬ್ದವಾಗಿ, ಟೈಲರಮ್ಮನನ್ನೇ ನೋಡುತ್ತಿತ್ತು.

"ಮಾತೇ ಬರ್ತಿಲ್ಲವಲ್ಲ" ಎಂದ ಗಂಡ. "ಈ ಕ್ಯಾಮೆರಾಕ್ಕೆ ಕೇಳೋ ಕಿವಿ ಇದೆ, ಆಡೋ ಬಾಯಿಲ್ಲ. ಸ್ಪೀಕರ್ರೇ ಇಟ್ಟಿಲ್ಲ ಬಡ್ಡಿಮಗ. ಟಿ.ವಿ.ಲಿ ಬರುತ್ತೆ ತಡಿ, ಬಿಳಿ ಪಿನ್ನು ಹಾಕಿಲ್ಲ ನಾನು. ನಿನ್ನ ಕೈ ಹತ್ರಾನೇ ನೇತಾಡ್ತಿದೆ ನೋಡು. ಬಿಳಿ ತೂತಿಗೆ ಚುಚ್ಚು."

ಟೈಲರಮ್ಮ ಪಿನ್ನನ್ನು ಕೈಯಲ್ಲಿ ಹಿಡಿದಳು. ಕ್ಯಾಮೆರಾ ಹಿಡಿದವರ ಬಾಯಿಗೇ ಅದರ ಕಿವಿ ಎಲ್ಲಕ್ಕಿಂತ ಹತ್ತಿರ. ತಾನು ಹಲ್ಲಿನ ನಡುವೆ ಅಂದದ್ದು ಇದರಲ್ಲಿ ಎಷ್ಟು ದೊಡ್ಡದಾಗಿ ಕೇಳಿಸೀತು! ಚುಚ್ಚಿದರೆ ಎಲ್ಲ ಮುಗಿಯುತ್ತದೆ, ಎಲ್ಲ ಸರಿಯೂ ಹೋಗುತ್ತದೆ. ಎರಡೂ ಗೊತ್ತಿತ್ತು. ಬೆರಳು ಮುಂದೆ ಹೋಗಲಿಲ್ಲ.

"ಬೇಡ ಬಿಡ್ರೀ" ಅಂದಳು. "ಹಳೇ ಟಿ.ವಿ., ಸುಟ್ಟುಗಿಟ್ಟೀತು."

"ಸುಡೋಕೆ ಅದೇನು ಹಂಚಾ? ಹಾಕೇ."

"ಬಿಡೋ" ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ನೋಡುತ್ತಿದ್ದುದು ಟಿ.ವಿ.ಯನ್ನಲ್ಲ, ಟೈಲರಮ್ಮನ ಕೈಯನ್ನು. ಸ್ವಲ್ಪ ಹೊತ್ತು ನೋಡಿದರು, ಫೋನ್ ಲೈನಿನ ಇನ್ನೊಂದು ಕೊನೆಯಿಂದ ಯಾರಾದರೂ ಮಾತಾಡುತ್ತಾರೇನೋ ಎಂದು ಕಾಯುವವರ ಹಾಗೆ. ಆಮೇಲೆ ಬಗ್ಗಿ ಚೀಲ ಎತ್ತಿಕೊಂಡರು. "ಅವಳಿಗೆ ಬೇಡ ಅಂದ್ರೆ ಬೇಡ. ಅದರಲ್ಲೇನಿದೆ ಅಂತ ನನಗೆ ಗೊತ್ತು. ಬಸ್ಸಿಗೆ ಹೊತ್ತಾಯ್ತು."

"ಅಕ್ಕ, ಈಗ ತಾನೆ ಕೂತೆ! ಊಟ ಮಾಡ್ಕೊಂಡು ಹೋಗುವೆಯಂತೆ. ಇವತ್ತೊಂದು ದಿನ ಇದ್ದರೆ ಏನಾಗುತ್ತೆ?"

"ಇನ್ನೊಂದ್ಸಲ ಬರ್ತೀನಪ್ಪ."

"ಕ್ಯಾಮೆರಾ?"

"ಇಲ್ಲೇ ಇರಲಿ. ಬಿಚ್ಚಬೇಡ, ಹಾಗೇ ಇರಲಿ." ಚಪ್ಪಲಿ ಮೆಟ್ಟಿಕೊಳ್ಳುತ್ತ ಹಿಂದೆ ತಿರುಗಿದರು. "ನೋಡಮ್ಮ, ಮಗಳು ಆಸ್ಪತ್ರೆ ಹಾಸ್ಟೆಲಿಂದ ರಜಕ್ಕೆ ಬಂದಾಗ ಆ ದಾರ ಇನ್ನೂ ಇದ್ದರೆ ತೆಗೆದುಬಿಡು. ಕತ್ತರಿ ಹಾಕಬೇಡ. ಮೆಲ್ಲಗೆ ಎಳೆದರೆ ಬರುತ್ತೆ."

ಟೈಲರಮ್ಮ ತಲೆಯಾಡಿಸಿದಳು. ಅತ್ತಿಗೆ ಗೇಟು ದಾಟಿದರು. ಬಸ್ ಸ್ಟಾಪಿನವರೆಗೆ ಬಿಟ್ಟು ಬರಲು ಗಂಡ ಹಿಂದೆ ಓಡಿದ.

ಮನೆಯಲ್ಲಿ ಅವಳೊಬ್ಬಳೇ ಉಳಿದಳು. ಪಿನ್ನು ಇನ್ನೂ ಕೈಯಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ. ಸೆರಗಿನಲ್ಲಿ ಒರೆಸಿ ಬಿಳಿ ತೂತಿಗೆ ಚುಚ್ಚಿದಳು. ಯಾರೂ ಇಲ್ಲದಾಗ ಎಷ್ಟು ಸಲೀಸಾಗಿ ಹೋಯಿತು ನೋಡಿ ಅದು! ನಡುವಿನ ಗುಂಡಿ ಒತ್ತಿದಳು.

ಮೊದಲು ಬೀದಿಯ ಸದ್ದು. ಆಮೇಲೆ ಅತ್ತಿಗೆಯ ದನಿ, ಸಣ್ಣಗೆ, ಮಗಳ ಕಾಲ ಬಳಿಯಿಂದ: "ಒಂದು ದಾರ ಉಳ್ಕೊಂಡಿದೆ ಪುಟ್ಟಿ. ಯಾರಾದ್ರೂ ನೋಡಿದ್ರೆ ನಿಮ್ಮಮ್ಮನ ಕೈಗೆ ಕೆಟ್ಟ ಹೆಸರು ಬರುತ್ತೆ. ಅಲ್ಲಾಡಬೇಡ." ಆಮೇಲೆ, ಕೋಣೆಯ ಗಾಜು ನಡುಗುವಷ್ಟು ಜೋರಾಗಿ, ತನ್ನದೇ ದನಿ. ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಅದರ ನಂತರ ಬರೀ ಬೀದಿಯ ಸದ್ದು, ತುಂಬ ಹೊತ್ತು ಅನ್ನಿಸಿತು. ಕೊನೆಗೆ ಮತ್ತೆ ಆ ಸಣ್ಣ ದನಿ: "ಸರಿಯಮ್ಮ, ನಾನು ಪಕ್ಕಕ್ಕೆ ಹೋಗ್ತೀನಿ. ನೀನು ತೆಗಿ. ಮಗು ನಗ್ತಿದೆ, ಅಷ್ಟರಲ್ಲೇ ತೆಗಿ."

ಈ ಕೊನೆಯ ಮಾತು ಆವತ್ತು ಟೈಲರಮ್ಮನಿಗೆ ಕೇಳಿಸಿಯೇ ಇರಲಿಲ್ಲ. ಮನೆಯಲ್ಲಿ ಕಿವಿ ಮಂದವಾಗಿದ್ದದ್ದು ಯಾರಿಗೆ?

ಗಂಡ ಗೇಟು ತೆಗೆದ ಸದ್ದಾಯಿತು. "ಸೀಟು ಸಿಕ್ತು ಪುಣ್ಯಕ್ಕೆ" ಎನ್ನುತ್ತ ಒಳಗೆ ಬಂದ. "ಏನು ಮಾಡಿದ್ರೂ ಜಗ್ಗಲಿಲ್ಲ ಕಣೇ. ಅವಳ ಹಟವೇ ಹಾಗೆ."

"ಕೂತ್ಕೊಳ್ಳಿ" ಅಂದಳು ಟೈಲರಮ್ಮ.

"ಯಾಕೆ?"

"ಕೂತ್ಕೊಳ್ಳೀಂದ್ರೆ." ಬಾಗಿಲ ಪಕ್ಕದ ಕುರ್ಚಿಯಲ್ಲೇ ಅವನನ್ನು ಕೂರಿಸಿ, ವಾಲ್ಯೂಮನ್ನು ಇಳಿಸದೆ, ಗುಂಡಿ ಒತ್ತಿದಳು. ತಾನು ಟಿ.ವಿ. ನೋಡಲಿಲ್ಲ. ಬಾಗಿಲ ಹಿಂದಿನ ಮೊಳೆಯನ್ನು ನೋಡುತ್ತ ನಿಂತಳು.

ಮುಗಿದ ಮೇಲೆ ಗಂಡ ತಲೆಯ ಮೇಲಿನ ಜೇಡರ ಬಲೆಯನ್ನು ಈಗ ತಾನೇ ಗೊತ್ತಾದವನ ಹಾಗೆ ಮೆಲ್ಲಗೆ ತೆಗೆದ. ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಕಿವಿ ಹೋಗಿದೆ ಅಂದೆನಲ್ಲೇ ನಾನು ಅವಳಿಗೆ" ಅಂದ. "ಅವಳಿಗೆ!"

ಟೈಲರಮ್ಮ ಫೋನಿನ ಹತ್ತಿರ ಹೋಗಿ ಅತ್ತಿಗೆಯ ಕೋಣೆಯ ನಂಬರು ತಿರುಗಿಸಿದಳು.

"ಈಗ ಯಾರು ಎತ್ತುತ್ತಾರೆ? ಬಸ್ಸಲ್ಲಿದ್ದಾಳೆ ಅವಳು. ಮನೆ ಮುಟ್ಟೋಕೆ ಇನ್ನೂ ಹೊತ್ತಿದೆ."

"ಗೊತ್ತು" ಅಂದಳು.

ಆ ಕಡೆ, ಬೀಗ ಹಾಕಿದ ಕೋಣೆಯಲ್ಲಿ, ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಕೆಳಗಿಡಲಿಲ್ಲ.